ಸೂಪರ್‌ವೈಸರ್ ಆಗಿ ಮೂರು ತಿಂಗಳು: ಜೊತೆಗಿದ್ದವರೇ ಈಗ ಮಾತು ಕೇಳುತ್ತಿಲ್ಲ, ಏನು ಮಾಡಲಿ?

ಮೊನ್ನೆವರೆಗೆ_ಆಪರೇಟರ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳದೆ ಓದಿ.

ಪ್ಯಾಕಿಂಗ್ ಲೈನ್‌ನಲ್ಲಿ ಏಳು ವರ್ಷ ಆಪರೇಟರ್ ಆಗಿದ್ದೆ. ಮೂರು ತಿಂಗಳ ಹಿಂದೆ ಅದೇ ಲೈನ್‌ಗೆ ನನ್ನನ್ನು ಸೂಪರ್‌ವೈಸರ್ ಮಾಡಿದರು. ಶನಿವಾರ ಆಪರೇಟರ್ ಆಗಿ ಮನೆಗೆ ಹೋದವನು ಸೋಮವಾರ ಸೂಪರ್‌ವೈಸರ್ ಆಗಿ ಬಂದೆ. ಟ್ರೈನಿಂಗ್ ಅಂತ ಸಿಕ್ಕಿದ್ದು ಹಾಜರಿ ಸಾಫ್ಟ್‌ವೇರ್ ಬಳಸುವುದು ಹೇಗೆ ಅನ್ನೋ ಅರ್ಧ ಗಂಟೆಯ ಪಾಠ, ಅಷ್ಟೇ.

ನನ್ನ ಕೆಳಗೆ ಒಂಬತ್ತು ಜನ. ಎಲ್ಲರೂ ಜೊತೆಗೆ ಕೂತು ಊಟ ಮಾಡಿದವರು, ಹಳೇ ಸೂಪರ್‌ವೈಸರನ್ನು ಒಟ್ಟಿಗೆ ಬೈದವರು. ಈಗ ನಾನು ಹತ್ತಿರ ಹೋದರೆ ಮಾತು ನಿಲ್ಲುತ್ತದೆ. ಏನಾದರೂ ಹೇಳಿದರೆ "ಆಯ್ತು ಸಾರ್" ಅನ್ನುತ್ತಾರೆ. ಆ "ಸಾರ್"ನಲ್ಲಿ ಎಷ್ಟು ಕೊಂಕು ಇದೆ ಅಂತ ಏಳು ವರ್ಷ ಅದೇ ಕೊಂಕಿನಲ್ಲಿ ಮಾತಾಡಿದ ನನಗೆ ಚೆನ್ನಾಗಿ ಗೊತ್ತು.

ಮೊದಲನೇ ತಲೆನೋವು ಏನಂದರೆ, ಲೈನ್ ಎಲ್ಲಿ ನಿಧಾನ ಆದರೂ ನಾನೇ ಹೋಗಿ ಕೈ ಹಾಕುತ್ತೇನೆ. ಟಾರ್ಗೆಟ್ ಮುಗಿಯುತ್ತದೆ. ಆದರೆ ರಿಪೋರ್ಟ್, ಹ್ಯಾಂಡ್‌ಓವರ್ ಎಲ್ಲ ಶಿಫ್ಟ್ ಮುಗಿದ ಮೇಲೆ ಬರೆಯುತ್ತಾ ಕೂರಬೇಕು. ಹೊಸ ಹುಡುಗನೊಬ್ಬನಿಗೆ ಲೇಬಲ್ ರೋಲ್ ಬದಲಿಸುವುದನ್ನು ನಾಲ್ಕು ಸಲ ಹೇಳಿಕೊಟ್ಟೆ. ಪ್ರತಿ ಸಲ "ಗೊತ್ತಾಯ್ತು" ಅಂದ. ಐದನೇ ಸಲವೂ ರೋಲನ್ನು ಉಲ್ಟಾ ಹಾಕಿದ. ಇವನಿಗೆ ಕಲಿಸುವುದಕ್ಕಿಂತ ನಾನೇ ಮಾಡಿಬಿಡುವುದು ಬೇಗ ಅನಿಸುತ್ತದೆ.

ಎರಡನೆಯದು ಇನ್ನೂ ಕಷ್ಟ. ನಮ್ಮಲ್ಲಿ ಒಬ್ಬರು ಸೀನಿಯರ್ ಇದ್ದಾರೆ, ನನಗೇ ಕೆಲಸ ಕಲಿಸಿದವರು, ನಾನು ಅಣ್ಣಾ ಅಂತಲೇ ಕರೆಯುವುದು. ಸೀಲಿಂಗ್ ಮೆಷಿನ್ ಅವರ ಕೈಯಲ್ಲಿದ್ದರೆ ಹಾಡುತ್ತದೆ. ಆದರೆ ಈಗ ವಾರಕ್ಕೆ ಮೂರು ದಿನ ಹತ್ತು, ಹದಿನೈದು ನಿಮಿಷ ಲೇಟು. ಹೋದ ವಾರ ಮ್ಯಾನೇಜರ್ ನನ್ನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. ಅದೇ ಬಿಸಿಯಲ್ಲಿ ಬಂದು ಎಲ್ಲರ ಎದುರಿಗೇ "ನಿಮಗೆ ಜವಾಬ್ದಾರಿ ಅನ್ನೋದೇ ಇಲ್ವಾ" ಅಂದುಬಿಟ್ಟೆ. ಅವತ್ತಿನಿಂದ ಅವರು ನನ್ನ ಮುಖ ನೋಡುತ್ತಿಲ್ಲ. ಲೇಟಾಗಿ ಬರುವುದೂ ನಿಂತಿಲ್ಲ.

ಮ್ಯಾನೇಜರ್ ಕೇಳಿದರೆ "ಸ್ವಲ್ಪ ಲೀಡರ್‌ಶಿಪ್ ತೋರಿಸಪ್ಪಾ" ಅನ್ನುತ್ತಾರೆ. ಎಲ್ಲಿಂದ ತರಲಿ ಅದನ್ನು? ಇದು ಹುಟ್ಟಿನಿಂದ ಬರಬೇಕಾ, ಕಲಿಯಬಹುದಾ? ಅನುಭವ ಇರುವವರು ಹೇಳಿ.

---

ನೇರ_ಮಾತು

ಗುರುವೇ, ಮೊದಲು ಫ್ರೆಂಡ್‌ಶಿಪ್ ಬಿಡಿ. ಊಟಕ್ಕೆ ಬೇರೆ ಕೂತುಕೊಳ್ಳಿ. ಲೇಟಾದರೆ ಮೆಮೊ ಕೊಡಿ, ಮೂರು ಮೆಮೊ ಆದಮೇಲೆ ಎಚ್‌ಆರ್ ನೋಡಿಕೊಳ್ಳುತ್ತಾರೆ. ಒಬ್ಬರಿಗೆ ಬಿಸಿ ಮುಟ್ಟಿದರೆ ಉಳಿದ ಎಂಟು ಜನ ತಾನಾಗಿಯೇ ಸರಿಯಾಗುತ್ತಾರೆ. ನಾನು ಹೀಗೇ ಹದಿನಾಲ್ಕು ವರ್ಷ ನಡೆಸಿದ್ದೇನೆ. ಜಾಸ್ತಿ ಯೋಚನೆ ಮಾಡಬೇಡಿ.

---

ಹಳೇ_ಶಿಫ್ಟ್

ನೇರ_ಮಾತು ಅವರೇ, ಮೆಮೊ ಬೇಡ ಅಂತ ನಾನೂ ಹೇಳುವುದಿಲ್ಲ, ಆದರೆ ಏನೂ ಕೇಳದೆ ಮೆಮೊ ಕೊಟ್ಟರೆ ಕೈಗೆ ಸಿಗುವುದು ಅವರ ಸಹಿ ಮಾತ್ರ. ಅದನ್ನು ಆಮೇಲೆ ನೋಡೋಣ.

ತಮ್ಮಾ, ನಾನು ಇಪ್ಪತ್ತಾರು ವರ್ಷ ಶಾಪ್‌ಫ್ಲೋರ್‌ನಲ್ಲಿದ್ದವನು, ಹದಿನೆಂಟು ವರ್ಷ ಸೂಪರ್‌ವೈಸರ್. ನಿಮ್ಮ ಕೊನೇ ಪ್ರಶ್ನೆಗೆ ಮೊದಲು ಉತ್ತರ: ಕಲಿಯಬಹುದು. ಅದೂ ಲಕ್ಷಗಟ್ಟಲೆ ಜನ ಕಲಿತಿದ್ದಾರೆ, ದಾಖಲೆ ಇದೆ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಕಾರ್ಖಾನೆಗಳಲ್ಲಿ ನಿಮ್ಮದೇ ಕಥೆ. ಅನುಭವಿಗಳು ಸೈನ್ಯಕ್ಕೆ ಹೋದರು, ಮೆಷಿನ್ ಮುಟ್ಟಿಯೇ ಗೊತ್ತಿಲ್ಲದ ಹೊಸಬರು ಬಂದರು, ನಿನ್ನೆಯ ಕೆಲಸಗಾರರು ರಾತ್ರೋರಾತ್ರಿ ಸೂಪರ್‌ವೈಸರ್ ಆದರು. 1940ರಲ್ಲಿ ಅಲ್ಲಿನ ಸರ್ಕಾರ ಟ್ರೈನಿಂಗ್ ವಿತಿನ್ ಇಂಡಸ್ಟ್ರಿ ಅಂತ ಒಂದು ಕಾರ್ಯಕ್ರಮ ಶುರು ಮಾಡಿತು, ಸುಲಭಕ್ಕೆ ಟಿಡಬ್ಲ್ಯೂಐ ಅನ್ನುತ್ತಾರೆ. 1945ರ ಹೊತ್ತಿಗೆ 16 ಲಕ್ಷಕ್ಕೂ ಹೆಚ್ಚು ಜನ ಅದರಲ್ಲಿ ಸರ್ಟಿಫಿಕೇಟ್ ಪಡೆದಿದ್ದರು. ಯುದ್ಧ ಮುಗಿದ ಮೇಲೆ ಅಮೆರಿಕದವರು ಅದನ್ನು ಮರೆತರು, ಜಪಾನಿನವರು ತೆಗೆದುಕೊಂಡು ಹೋಗಿ ಬಿಡದೆ ಬಳಸಿದರು. ಒಂದು ಪಾಠ ಅಂದರೆ ಎರಡೆರಡು ಗಂಟೆಯ ಐದು ತರಗತಿ. ಒಟ್ಟು ಹತ್ತು ಗಂಟೆ, ಅಷ್ಟರಲ್ಲೇ ಮುಗಿಸುತ್ತಿದ್ದರು.

ನನಗೆ ಅದನ್ನು ಕಲಿಸಿದವರು ಮೊದಲ ದಿನ ಒಂದು ವೈರ್ ಹಿಡಿದುಕೊಂಡು ಬಂದರು. ಬಲ್ಬ್ ಹೋಲ್ಡರ್ ಒಳಗೆ ವೈರ್ ಎಳೆದರೂ ಕಿತ್ತು ಬರದ ಹಾಗೆ ಹಾಕುವ ಒಂದು ಗಂಟು ಇದೆ. ಟಿಡಬ್ಲ್ಯೂಐ ತರಗತಿಯಲ್ಲಿ ಮೊದಲಿನಿಂದಲೂ ಅದೇ ಗಂಟು. ಒಬ್ಬನನ್ನು ಕರೆದು ಅದನ್ನು ಬಾಯಲ್ಲಿ ಮಾತ್ರ ವಿವರಿಸಿದರು. "ಬಲಗಡೆ ಎಳೆಯನ್ನು ಹಿಂದಿನಿಂದ ತಂದು ಕುಣಿಕೆ ಮಾಡು, ಎಡಗಡೆಯದನ್ನು ಅದರ ಮೇಲಿಂದ..." ಅಂತ. ಅವನ ಕೈಯಲ್ಲಿ ಆಗಲಿಲ್ಲ. ಇನ್ನೊಬ್ಬನನ್ನು ಕರೆದು ಬಾಯಿ ಬಿಡದೆ ಮಾಡಿ ತೋರಿಸಿದರು. ಅವನಿಗೂ ಆಗಲಿಲ್ಲ, ಎದುರಿಗೆ ನಿಂತು ನೋಡಿದ್ದರಿಂದ ಎಡ ಬಲ ಅದಲುಬದಲಾಗಿತ್ತು. ನಾವೆಲ್ಲ ನಗುತ್ತಿದ್ದೆವು. ಆಗ ಅವರು ಕೇಳಿದರು, "ನಿಮ್ಮ ಲೈನ್‌ನಲ್ಲಿ ಹೊಸಬರಿಗೆ ಹೇಗೆ ಕಲಿಸುತ್ತೀರಿ?" ಒಬ್ಬರೂ ನಗಲಿಲ್ಲ. ಯಾಕಂದರೆ ನಾವು ಅರ್ಧ ಜನ ಬಾಯಲ್ಲಿ ಹೇಳಿ ಹೋಗುವವರು, ಇನ್ನರ್ಧ "ನೋಡ್ಕೋ" ಅಂತ ಮಾಡಿ ಹೋಗುವವರು.

ಆಮೇಲೆ ಸರಿಯಾದ ರೀತಿ ತೋರಿಸಿದರು. ಮೊದಲು ಅವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಹೆದರಿಕೆ ಹೋಗುವ ಹಾಗೆ ಎರಡು ಮಾತಾಡಿ, ಈ ಕೆಲಸ ಎಷ್ಟು ಗೊತ್ತು ಅಂತ ಕೇಳುವುದು. ಆಮೇಲೆ ಒಂದೊಂದೇ ಹಂತ ಹೇಳುತ್ತಾ ಮಾಡಿ ತೋರಿಸುವುದು, ಹಂತಕ್ಕೊಂದು ಗುಟ್ಟು ಇರುತ್ತದಲ್ಲ, ಅದನ್ನು ಒತ್ತಿ ಹೇಳುವುದು. ನಂತರ ಅವನ ಕೈಯಲ್ಲಿ ಮಾಡಿಸುವುದು, ಮತ್ತೆ ಮಾಡಿಸುವುದು, ಆ ಗುಟ್ಟನ್ನು ಅವನ ಬಾಯಲ್ಲೇ ಹೇಳಿಸುವುದು. ಕೊನೆಗೆ ಅವನನ್ನು ಒಬ್ಬನೇ ಬಿಟ್ಟು, ಕಷ್ಟ ಆದರೆ ಯಾರನ್ನು ಕೇಳಬೇಕು ಅಂತ ಹೇಳಿ, ಆಗಾಗ ಬಂದು ನೋಡುವುದು. ಇಷ್ಟೇ. ಆ ತರಗತಿಯ ಗೋಡೆಯ ಮೇಲೆ ಒಂದು ಸಾಲು ಇತ್ತು, ಅದರ ಅರ್ಥ ಹೀಗೆ: ಅವನು ಕಲಿತಿಲ್ಲ ಅಂದರೆ ನೀನು ಕಲಿಸಿಲ್ಲ.

ಈಗ ನಿಮ್ಮ ಲೇಬಲ್ ಹುಡುಗನಿಗೆ ಬನ್ನಿ. ನಾಲ್ಕು ಸಲ ಹೇಳಿಕೊಟ್ಟೆ ಅಂದಿರಿ. ನಾಲ್ಕರಲ್ಲಿ ಎಷ್ಟು ಸಲ ರೋಲ್ ಅವನ ಕೈಯಲ್ಲಿತ್ತು? "ಗೊತ್ತಾಯ್ತಾ" ಅಂತ ಕೇಳಿದರೆ ಗೊತ್ತಾಗದವನೂ ಹೂಂ ಅನ್ನುತ್ತಾನೆ. ಸಾರ್ ಅವಸರದಲ್ಲಿದ್ದಾರೆ, ಪಕ್ಕದವರು ನೋಡುತ್ತಿದ್ದಾರೆ, ಇನ್ನೇನು ಹೇಳುತ್ತಾನೆ ಪಾಪ?

ಮತ್ತೆ ರೋಲ್ ಉಲ್ಟಾ ಆಗುವುದು ಯಾಕೆ ಅಂತ ನಿಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ನಿಮ್ಮ ಕೈ ಏಳು ವರ್ಷದಿಂದ ಅದನ್ನು ಮಾಡುತ್ತಿದೆ, ಹಾಗಾಗಿ ಯಾವ ಬದಿ ಅಂತ ನೀವು ನೋಡುವುದೇ ಇಲ್ಲ. ಇವತ್ತು ಕೂತು ಆ ಕೆಲಸವನ್ನು ಒಂದು ಹಾಳೆಯಲ್ಲಿ ಬರೆಯಿರಿ. ಎಡಗಡೆ ಹಂತ, ಬಲಗಡೆ ಗುಟ್ಟು. ಬರೆಯುವಾಗಲೇ ನಿಮಗೆ ಗೊತ್ತಾಗುತ್ತದೆ ಏನು ಹೇಳದೆ ಬಿಟ್ಟಿದ್ದೀರಿ ಅಂತ.

ಸೀನಿಯರ್ ವಿಷಯ ನಾಳೆ ಬರೆಯುತ್ತೇನೆ, ಕಣ್ಣು ಎಳೆಯುತ್ತಿದೆ.

---

ಸೀಲ್_ಆಪರೇಟರ್

ನಾನು ಸೂಪರ್‌ವೈಸರ್ ಅಲ್ಲ, ಕೆಳಗಿರುವವನು. ಇಲ್ಲಿ ಎಲ್ಲರೂ ಮೇಲಿನಿಂದ ನೋಡಿ ಬರೆಯುತ್ತಿದ್ದೀರಿ, ಅದಕ್ಕೆ ಒಂದು ಮಾತು.

ನಮ್ಮ ಲೈನ್‌ನಲ್ಲೂ ಜೊತೆಗಿದ್ದವನೇ ಸೂಪರ್‌ವೈಸರ್ ಆದ. ನಮಗೆ ಬೇಸರ ಆಗಿದ್ದು ಅವನಿಗೆ ಬಡ್ತಿ ಸಿಕ್ಕಿತು ಅಂತ ಅಲ್ಲ. ನಾನು ಮೆಷಿನ್ ಮುಂದೆ ನಿಂತು ಜಾಮ್ ಬಿಡಿಸುತ್ತಿರುತ್ತೇನೆ, ಅವನು ಬಂದು ನನ್ನನ್ನು ಪಕ್ಕಕ್ಕೆ ಸರಿಸಿ ತಾನೇ ಬಿಡಿಸುತ್ತಾನೆ. ಅವನ ಲೆಕ್ಕದಲ್ಲಿ ಅದು ಸಹಾಯ. ನಾನು ಕೈಕಟ್ಟಿಕೊಂಡು ನಿಂತಿರುತ್ತೇನೆ, ಎಂಟು ಜನ ನೋಡುತ್ತಿರುತ್ತಾರೆ. ಮೂರನೇ ಸಲದಿಂದ ನಾನು ಜಾಮ್ ಆದರೆ ಸುಮ್ನೆ ನಿಲ್ಲುವುದಕ್ಕೆ ಶುರು ಮಾಡಿದೆ, ಹೇಗೂ ಅವನು ಬರುತ್ತಾನಲ್ಲ. ಅವನು ಹೋಗಿ "ಇವರಿಗೆ ಆಸಕ್ತಿಯೇ ಇಲ್ಲ" ಅಂತ ಮ್ಯಾನೇಜರ್ ಹತ್ತಿರ ಹೇಳಿದನಂತೆ.

ನೀವೂ ಕೈ ಹಾಕುತ್ತೇನೆ ಅಂದಿದ್ದೀರಿ, ಅದಕ್ಕೇ ಹೇಳಿದೆ. ತಪ್ಪು ತಿಳಿಯಬೇಡಿ.

---

ವಾರ್ಡ್_ಇನ್‌ಚಾರ್ಜ್

ನಾನು ನರ್ಸ್, ವಾರ್ಡ್ ನೋಡಿಕೊಳ್ಳುತ್ತೇನೆ. ಕಾರ್ಖಾನೆ ಗೊತ್ತಿಲ್ಲ, ಆದರೆ ಶಿಫ್ಟ್, ಲೇಟು, ಕೊಂಕು ಎಲ್ಲ ನಮ್ಮಲ್ಲೂ ಇದೆ.

"ನಾನು ಹತ್ತಿರ ಹೋದರೆ ಮಾತು ನಿಲ್ಲುತ್ತದೆ" ಅಂದಿರಲ್ಲ, ನಿಮ್ಮ ಪೋಸ್ಟ್‌ನಲ್ಲಿ ನನ್ನನ್ನು ಹೆದರಿಸಿದ್ದು ಅದೇ. ಲೇಟು ಬರುವುದು ಕಣ್ಣಿಗೆ ಕಾಣುತ್ತದೆ. ನಿಮ್ಮಿಂದ ಮುಚ್ಚಿಟ್ಟ ತಪ್ಪು ಕಾಣುವುದಿಲ್ಲ.

ಏಮಿ ಎಡ್ಮಂಡ್ಸನ್ ಅಂತ ಹಾರ್ವರ್ಡ್‌ನ ಪ್ರೊಫೆಸರ್, 1990ರ ದಶಕದಲ್ಲಿ ಆಸ್ಪತ್ರೆ ತಂಡಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡದಲ್ಲಿ ತಪ್ಪು ಕಡಿಮೆ ಇರಬೇಕು ಅಲ್ವಾ? ಲೆಕ್ಕ ನೋಡಿದರೆ ಉಲ್ಟಾ, ಒಳ್ಳೆಯ ತಂಡಗಳಲ್ಲೇ ಜಾಸ್ತಿ ತಪ್ಪು ದಾಖಲಾಗಿತ್ತು. ಬಗೆದು ನೋಡಿದಾಗ ಗೊತ್ತಾಗಿದ್ದು ಏನಂದರೆ, ಆ ತಂಡಗಳಲ್ಲಿ ತಪ್ಪಾದರೆ ಬಾಯಿಬಿಟ್ಟು ಹೇಳುತ್ತಿದ್ದರು, ಉಳಿದ ಕಡೆ ಮುಚ್ಚಿ ಹಾಕುತ್ತಿದ್ದರು. 1999ರಲ್ಲಿ ಅವರು ಇದರ ಬಗ್ಗೆ ಇನ್ನೊಂದು ಪ್ರಬಂಧ ಬರೆದು, ಹೀಗೆ ಹೆದರದೆ ಮಾತಾಡುವ ವಾತಾವರಣಕ್ಕೆ ಸೈಕಲಾಜಿಕಲ್ ಸೇಫ್ಟಿ ಅಂತ ಕರೆದರು.

ನಾನು ಇನ್‌ಚಾರ್ಜ್ ಆದ ಮೊದಲ ವರ್ಷ ಒಬ್ಬ ಹುಡುಗಿ ಡ್ರಿಪ್‌ನ ವೇಗ ತಪ್ಪಾಗಿ ಇಟ್ಟಿದ್ದಳು, ತಾನೇ ಬಂದು ಹೇಳಿದಳು. ನಾನು ಕೂಗಾಡಿದೆ. ರೋಗಿಗೆ ಏನೂ ಆಗಲಿಲ್ಲ, ಆದರೆ ಅದಾದ ಮೇಲೆ ಆರು ತಿಂಗಳು ನನ್ನ ಹತ್ತಿರ ಒಬ್ಬರೂ ಒಂದು ತಪ್ಪನ್ನೂ ಹೇಳಲಿಲ್ಲ. ಆರು ತಿಂಗಳು ನಮ್ಮ ವಾರ್ಡ್ ಎಷ್ಟು ಚೆನ್ನಾಗಿ ನಡೆಯುತ್ತಿದೆ ಅಂತ ಬೀಗುತ್ತಿದ್ದೆ ನಾನು, ದಡ್ಡಿ.

ಈಗ ಯಾರಾದರೂ ತಪ್ಪು ಹೇಳಿಕೊಂಡು ಬಂದರೆ ಮೊದಲು ಬಾಯಿಂದ ಬರುವ ಮಾತನ್ನು ಅಭ್ಯಾಸ ಮಾಡಿಕೊಂಡಿದ್ದೇನೆ: "ಹೇಳಿದ್ದು ಒಳ್ಳೇದಾಯ್ತು, ಈಗ ಏನು ಮಾಡೋಣ?" ಒಳಗೆ ಕುದಿಯುತ್ತಿದ್ದರೂ ಅದೇ ಮಾತು. ಯಾಕೆ ಆಯಿತು ಅನ್ನೋದು ಆಮೇಲೆ, ಬಾಗಿಲು ಹಾಕಿಕೊಂಡು. ಬೇಕಂತಲೇ ಮಾಡಿದವರಿಗೆ, ಸುಳ್ಳು ಬರೆದವರಿಗೆ ಬೇರೆ ಲೆಕ್ಕ, ಅಲ್ಲಿ ನಾನೂ ಮೆಮೊ ಕೊಡುತ್ತೇನೆ.

---

ಹಳೇ_ಶಿಫ್ಟ್

ಸಿಸ್ಟರ್ ಹೇಳಿದ್ದು ಸರಿ. ಸೀಲ್_ಆಪರೇಟರ್ ಹೇಳಿದ್ದನ್ನಂತೂ ಎರಡು ಸಲ ಓದಿ.

ಸೀನಿಯರ್ ವಿಷಯ. ನೀವು "ಜವಾಬ್ದಾರಿ ಇಲ್ವಾ" ಅಂದಿರಿ. ಅದು ಲೇಟಿನ ಮಾತಾಗಿ ಉಳಿಯಲಿಲ್ಲ, ಅವರ ಮನುಷ್ಯತನದ ಮಾತಾಯಿತು. ಕ್ಲೂಗರ್, ಡಿನಿಸಿ ಅಂತ ಇಬ್ಬರು ಸಂಶೋಧಕರು 1996ರಲ್ಲಿ, ಕೆಲಸದ ಬಗ್ಗೆ ಜನರಿಗೆ ಅಭಿಪ್ರಾಯ ಹೇಳಿದರೆ ಏನಾಗುತ್ತದೆ ಅನ್ನೋ ಹಳೇ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದರು. ಸರಾಸರಿಯಲ್ಲಿ ಕೆಲಸ ಸುಧಾರಿಸಿತ್ತು, ನಿಜ. ಆದರೆ ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಕಡೆ ಹೇಳಿದ ಮೇಲೆ ಕೆಲಸ ಇನ್ನೂ ಕೆಟ್ಟಿತ್ತು. ಮಾತು ಕೆಲಸವನ್ನು ಬಿಟ್ಟು ಮನುಷ್ಯನ ಕಡೆ ತಿರುಗಿದಷ್ಟೂ ಉಪಯೋಗ ಕಡಿಮೆ ಅನ್ನುವುದು ಅವರ ವಿವರಣೆ. ನಮ್ಮಂಥವರಿಗೆ ಇದು ಮೊದಲೇ ಗೊತ್ತು, ಆದರೂ ಸಿಟ್ಟು ಬಂದಾಗ ನೆನಪಾಗುವುದಿಲ್ಲ.

ಹಾಗಾಗಿ ಮೊದಲು ಕ್ಷಮೆ. ಎಲ್ಲರ ಎದುರು ಬೈದಿದ್ದೀರಿ, ಕ್ಷಮೆಯನ್ನು ಮೂಲೆಯಲ್ಲಿ ಕೇಳಿದರೆ ಸಾಲದು. "ಅಣ್ಣಾ, ಅವತ್ತು ಎಲ್ಲರ ಮುಂದೆ ಹಾಗೆ ಅಂದಿದ್ದು ನನ್ನ ತಪ್ಪು" ಅಂತ ಅದೇ ಜಾಗದಲ್ಲಿ ಒಂದು ಸಾಲು. ಭಾಷಣ ಬೇಡ. ಲೇಟಿನ ವಿಷಯ ಅಲ್ಲಿ ಎತ್ತಲೇಬೇಡಿ.

ಲೇಟಿನ ಮಾತು ಬೇರೆ ದಿನ, ಇಬ್ಬರೇ, ಕೂತು. ಹೋಗುವ ಮುಂಚೆ ಹಾಜರಿ ನೋಡಿ ದಿನ, ಸಮಯ ಬರೆದುಕೊಳ್ಳಿ. "ಯಾವಾಗಲೂ ಲೇಟು" ಅನ್ನಬೇಡಿ. "ಹೋದ ವಾರ ಸೋಮವಾರ 12 ನಿಮಿಷ, ಬುಧವಾರ 15 ನಿಮಿಷ, ಅಷ್ಟು ಹೊತ್ತು ಲೈನ್ ನಿಂತಿತ್ತು" ಅನ್ನಿ. ಆಮೇಲೆ "ಏನಾಯ್ತು ಅಣ್ಣಾ?" ಅಂತ ಕೇಳಿ ಬಾಯಿ ಮುಚ್ಚಿಕೊಳ್ಳಿ. ಇದೇ ಎಲ್ಲಕ್ಕಿಂತ ಕಷ್ಟ. ಐದು ಸೆಕೆಂಡ್ ಮೌನ ಆದರೆ ನಮಗೆ ತಡೆಯುವುದಿಲ್ಲ, ನಾವೇ ಅವರಿಗೆ ನೆಪ ಹುಡುಕಿ ಕೊಟ್ಟುಬಿಡುತ್ತೇವೆ. ಕೊಡಬೇಡಿ. ಕಾಯಿರಿ.

ಟಿಡಬ್ಲ್ಯೂಐನಲ್ಲಿ ಇದಕ್ಕೂ ಒಂದು ಪಾಠ ಇತ್ತು. ಮೊದಲು ಪೂರ್ತಿ ವಿಷಯ ತಿಳಿದುಕೋ, ಅವರ ಅನಿಸಿಕೆಯೂ ಅದರಲ್ಲಿ ಸೇರಬೇಕು. ಆಮೇಲೆ ತೂಗಿ ನೋಡಿ ತೀರ್ಮಾನಿಸು, ನಂತರ ಕ್ರಮ ತೆಗೆದುಕೋ, ಕೊನೆಗೆ ಅದರಿಂದ ಏನಾಯಿತು ಅಂತ ಪರೀಕ್ಷಿಸು. ನಾವು ಹೆಚ್ಚಿನವರು ಮೂರನೆಯದರಿಂದ ಶುರು ಮಾಡುತ್ತೇವೆ, ನಾಲ್ಕನೆಯದಕ್ಕೆ ಹೋಗುವುದೇ ಇಲ್ಲ.

---

ನೇರ_ಮಾತು

ಎಲ್ಲರ ಎದುರು ಕ್ಷಮೆನಾ? ಸೂಪರ್‌ವೈಸರ್‌ಗೆ ಇರೋ ಸ್ವಲ್ಪ ಮರ್ಯಾದೆಯೂ ಹೋಗುತ್ತದೆ. ನೋಡೋಣ ಏನಾಗುತ್ತೆ ಅಂತ.

---

ಮೊನ್ನೆವರೆಗೆ_ಆಪರೇಟರ್ (ಎರಡು ವಾರ ಬಿಟ್ಟು)

ಎಲ್ಲರಿಗೂ ಥ್ಯಾಂಕ್ಸ್. ಏನಾಯಿತು ಅಂತ ಹೇಳುತ್ತೇನೆ.

ಲೇಬಲ್ ರೋಲ್ ಹಾಳೆ ಬರೆಯುವುದಕ್ಕೆ ಹತ್ತು ನಿಮಿಷ ಸಾಕು ಅಂದುಕೊಂಡಿದ್ದೆ, ಒಂದೂವರೆ ಗಂಟೆ ಹಿಡಿಯಿತು. ಬರೆಯಲು ಗೊತ್ತಾಗದೆ ಮೆಷಿನ್ ಹತ್ತಿರ ಹೋಗಿ ಮಾಡಿ ನೋಡಿದೆ. ಆಗ ಗೊತ್ತಾಯಿತು, ರೋಲ್ ಹಾಕುವ ಮುಂಚೆ ನಾನು ಹೆಬ್ಬೆರಳಿನಿಂದ ಅಂಚನ್ನು ಸವರುತ್ತೇನೆ, ಅಂಟು ಯಾವ ಕಡೆ ಅಂತ ಬೆರಳಿಗೇ ಗೊತ್ತಾಗುತ್ತದೆ. ಇದನ್ನು ಆ ಹುಡುಗನಿಗೆ ಒಂದು ಸಲವೂ ಹೇಳಿರಲಿಲ್ಲ, ಯಾಕಂದರೆ ನಾನು ಹಾಗೆ ಮಾಡುತ್ತೇನೆ ಅಂತ ನನಗೇ ಗೊತ್ತಿರಲಿಲ್ಲ! ಪಕ್ಕದಲ್ಲಿ ನಿಲ್ಲಿಸಿಕೊಂಡು ಅವನ ಹೆಬ್ಬೆರಳಲ್ಲಿ ಸವರಿಸಿದೆ. ಮೂರು ಸಲ ಮಾಡಿಸಿದೆ, ಪ್ರತಿ ಸಲ ಯಾಕೆ ಅಂತ ಅವನೇ ಹೇಳಿದ. ಅದಾದಮೇಲೆ ಉಲ್ಟಾ ಹಾಕಿಲ್ಲ. ನಿನ್ನೆ ನೋಡಿದರೆ ಅವನೇ ಇನ್ನೊಬ್ಬನಿಗೆ "ಹೆಬ್ಬೆರಳಲ್ಲಿ ನೋಡೋ" ಅಂತ ಹೇಳಿಕೊಡುತ್ತಿದ್ದ.

ಅಣ್ಣನ ವಿಷಯ. ಶಿಫ್ಟ್ ಶುರುವಿಗೆ ಎಲ್ಲರೂ ಇದ್ದಾಗ ಆ ಒಂದು ಸಾಲು ಹೇಳಿದೆ. ಗಂಟಲು ಒಣಗಿತ್ತು. ಅವರು ಏನೂ ಹೇಳಲಿಲ್ಲ, "ಹೂಂ" ಅಂತ ಗ್ಲೌಸ್ ಹಾಕಿಕೊಂಡರು. ಮರ್ಯಾದೆ ಹೋದ ಹಾಗೆ ಕಾಣಲಿಲ್ಲ, ನೇರ_ಮಾತು ಸರ್.

ಎರಡು ದಿನ ಬಿಟ್ಟು ಇಬ್ಬರೇ ಕೂತೆವು. ದಿನ, ನಿಮಿಷ ಹೇಳಿ, ಏನಾಯ್ತು ಅಂತ ಕೇಳಿ ಸುಮ್ಮನಾದೆ. ತುಂಬಾ ಹೊತ್ತು ಮಾತಿಲ್ಲ. ಆಮೇಲೆ ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಐದು ವರ್ಷ ನಾನು ದಿನಾ ಇಪ್ಪತ್ತು ನಿಮಿಷ ಮುಂಚೆ ಬಂದು ಸೀಲರ್ ಬಿಸಿ ಮಾಡಿಡ್ತಿದ್ದೆ. ಅದನ್ನ ಯಾರೂ ಬರೆದುಕೊಳ್ಳಲಿಲ್ಲ. ಈಗ ಹನ್ನೆರಡು ನಿಮಿಷ ಬರೆದುಕೊಂಡಿದ್ದೀಯ."

ನನಗೆ ಅದು ಗೊತ್ತಿತ್ತು ಕೂಡ. ಆಪರೇಟರ್ ಆಗಿದ್ದಾಗ ಬಿಸಿ ಸೀಲರ್ ಮೇಲೆ ಕೆಲಸ ಶುರು ಮಾಡಿದವನು ನಾನೇ. ಏನು ಹೇಳಬೇಕು ಅಂತ ತೋಚಲಿಲ್ಲ.

ಇನ್ನೂ ಸ್ವಲ್ಪ ಹೊತ್ತಾದ ಮೇಲೆ, ಅವರ ಹೆಂಡತಿಗೆ ಹೊಸ ಕೆಲಸ ಸಿಕ್ಕಿದೆ, ವಾರಕ್ಕೆ ಮೂರು ದಿನ ಮಗುವನ್ನು ಇವರೇ ಬಿಟ್ಟು ಬರಬೇಕು ಅಂತ ಗೊತ್ತಾಯಿತು. ಮುಂಚೆ ಯಾಕೆ ಹೇಳಲಿಲ್ಲ ಅಂದರೆ "ನೀನು ಕೇಳಲಿಲ್ಲ" ಅಂದರು. ಜೊತೆಗೆ ಆಪರೇಟರ್ ಆಗಿದ್ದಿದ್ದರೆ ಊಟದ ಹೊತ್ತಿಗೆ ಹೇಳಿರುತ್ತಿದ್ದರು ಅನಿಸುತ್ತದೆ.

ಈಗ ಆ ಮೂರು ದಿನ ಅರ್ಧ ಗಂಟೆ ತಡವಾಗಿ ಬಂದು ಅರ್ಧ ಗಂಟೆ ತಡವಾಗಿ ಹೋಗುವ ಹಾಗೆ ಮ್ಯಾನೇಜರ್ ಹತ್ತಿರ ಮಾತಾಡಿದ್ದೇನೆ, ಒಂದು ತಿಂಗಳು ಅಂತ ಒಪ್ಪಿದ್ದಾರೆ. ಆದರೆ ಹೊಸ ತೊಂದರೆ. ಆ ಅರ್ಧ ಗಂಟೆ ಸೀಲರ್ ನೋಡಿಕೊಳ್ಳುವವರು ಯಾರೂ ಇಲ್ಲ. ಮತ್ತೆ ನಾನೇ ನಿಂತಿದ್ದೇನೆ. ಉಳಿದವರಲ್ಲಿ ಇಬ್ಬರು "ಅವರಿಗೆ ಮಾತ್ರ ಯಾಕೆ" ಅಂತ ಗೊಣಗುತ್ತಿದ್ದಾರೆ.

---

ಹಳೇ_ಶಿಫ್ಟ್

ಗೊಣಗುವುದು ನಿಮ್ಮ ತಪ್ಪಿನಿಂದ, ಬೇಜಾರು ಮಾಡಿಕೊಳ್ಳಬೇಡಿ. ಬದಲಾವಣೆ ಆಗುವ ಮುಂಚೆ ಅದು ತಟ್ಟುವವರಿಗೆಲ್ಲ ಹೇಳಬೇಕಿತ್ತು. ಅವರ ಮನೆ ವಿಷಯ ಹೇಳಬೇಕಾಗಿಲ್ಲ, ಅದನ್ನು ಹೇಳಲೂಬಾರದು. ಇಂಥ ದಿನ ಇಷ್ಟು ಗಂಟೆಗೆ ಬರುತ್ತಾರೆ, ಒಂದು ತಿಂಗಳು ನೋಡುತ್ತೇವೆ, ನಿಮಗೂ ಅಂಥ ಅವಶ್ಯಕತೆ ಬಂದರೆ ನನ್ನ ಹತ್ತಿರ ಬನ್ನಿ, ಇಷ್ಟು ಸಾಕು. ಕೊನೇ ಮಾತನ್ನು ಉಳಿಸಿಕೊಳ್ಳುವ ಹಾಗಿದ್ದರೆ ಮಾತ್ರ ಹೇಳಿ.

ಸೀಲರ್‌ಗೆ: ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಮೇಲೆ ಒಂಬತ್ತು ಹೆಸರು, ಪಕ್ಕಕ್ಕೆ ಲೈನ್‌ನ ಎಲ್ಲ ಕೆಲಸ. ಯಾರಿಗೆ ಯಾವುದು ಬರುತ್ತದೋ ಅಲ್ಲಿ ಟಿಕ್ ಹಾಕಿ. ಸೀಲರ್ ಸಾಲಿನಲ್ಲಿ ಒಂದೇ ಟಿಕ್ ಇರುತ್ತದೆ ನೋಡಿ, ಅದೇ ನಿಮ್ಮ ನಿಜವಾದ ರೋಗ. ಅವರಿಗೆ ಜ್ವರ ಬಂದರೂ ಲೈನ್ ನಿಲ್ಲುತ್ತಿತ್ತು, ಲೇಟು ಸುಮ್ನೆ ಅದನ್ನು ತೋರಿಸಿತು. ಖಾಲಿ ಜಾಗದಲ್ಲಿ ಯಾರು, ಯಾವ ತಾರೀಕಿನ ಒಳಗೆ ಕಲಿಯಬೇಕು ಅಂತ ಬರೆಯಿರಿ. ಕಲಿಸುವವರು ಯಾರು ಅಂತ ನಾನು ಹೇಳಬೇಕಾಗಿಲ್ಲ ಅಂದುಕೊಂಡಿದ್ದೇನೆ.

---

ವಾರ್ಡ್_ಇನ್‌ಚಾರ್ಜ್

ಕಲಿಸು ಅಂತ ಆರ್ಡರ್ ಮಾಡಬೇಡಿ ಮಾತ್ರ, ಕೇಳಿ. ಕೆಲವರಿಗೆ ತಮ್ಮ ಕೆಲಸ ಇನ್ನೊಬ್ಬರಿಗೆ ಬಂದರೆ ತಮ್ಮ ಬೆಲೆ ಹೋಗುತ್ತದೆ ಅನ್ನೋ ಭಯ ಇರುತ್ತದೆ. ನಮ್ಮಲ್ಲಿ ಒಬ್ಬರು ಸೀನಿಯರ್ ಅದೇ ಭಯಕ್ಕೆ ಅರ್ಧ ಕಲಿಸಿ ಅರ್ಧ ಉಳಿಸಿಕೊಂಡಿದ್ದರು. ಮತ್ತೆ ಅವರು ಕಲಿಸುವ ಹೊತ್ತನ್ನು ಕೆಲಸದ ಹೊತ್ತು ಅಂತಲೇ ಲೆಕ್ಕ ಹಾಕಿ. ಟಾರ್ಗೆಟ್ಟೂ ಮುಗಿಸಿ, ಪಾಠವನ್ನೂ ಮಾಡು ಅಂದರೆ ಯಾರು ಮಾಡುತ್ತಾರೆ?

---

ನೇರ_ಮಾತು

ಒಪ್ಪುತ್ತೇನೆ, ಈ ಸಲ ಮೆಮೊ ಕೊಟ್ಟಿದ್ದರೆ ಕೆಲಸ ಕೆಡುತ್ತಿತ್ತು. ಆದರೆ ಒಂದು ತಿಂಗಳು ಆದಮೇಲೂ ಅವರು ಲೇಟಾದರೆ? ಆಗಲೂ ಅಣ್ಣಾ ಅಂತ ಕೂರುತ್ತೀರಾ?

---

ಮೊನ್ನೆವರೆಗೆ_ಆಪರೇಟರ್

ಇಲ್ಲ ಸರ್. ಅದನ್ನೂ ಅವರಿಗೆ ಅವತ್ತೇ ಹೇಳಿದೆ, ಹೊಸ ಸಮಯಕ್ಕೂ ತಪ್ಪಿದರೆ ಬರವಣಿಗೆಯಲ್ಲಿ ಕೊಡಬೇಕಾಗುತ್ತದೆ ಅಂತ. "ಕೊಡು, ಸರಿಯಾಗೇ ಇದೆ" ಅಂದರು.

ಹಾಳೆ ಮಾಡಿದೆ. ಸೀಲರ್ ಸಾಲಿನಲ್ಲಿ ಒಂದೇ ಟಿಕ್. ಅದರ ಜೊತೆಗೆ ಚೇಂಜ್‌ಓವರ್ (ಒಂದು ಮಾಲು ಮುಗಿದ ಮೇಲೆ ಇನ್ನೊಂದಕ್ಕೆ ಲೈನ್ ಬದಲಿಸುವ ಕೆಲಸ) ಸಾಲಿನಲ್ಲಿ ಒಂದೂ ಟಿಕ್ ಇಲ್ಲ, ಯಾಕಂದರೆ ಅದು ಬರುವುದು ನನಗೊಬ್ಬನಿಗೆ, ನನ್ನ ಹೆಸರು ಆ ಹಾಳೆಯಲ್ಲೇ ಇಲ್ಲ. ಹಾಗಾಗಿ ನಾಳೆಯಿಂದ ಲೇಬಲ್ ಹುಡುಗನಿಗೆ ಅಣ್ಣ ಸೀಲರ್ ಕಲಿಸುತ್ತಾರೆ, ನಾನು ಇನ್ನಿಬ್ಬರಿಗೆ ಚೇಂಜ್‌ಓವರ್. ಗೊಣಗುತ್ತಿದ್ದ ಆ ಇಬ್ಬರನ್ನೇ ಆರಿಸಿಕೊಂಡಿದ್ದೇನೆ. ಸರಿಯೋ ತಪ್ಪೋ ಗೊತ್ತಿಲ್ಲ.

---

ಸೀಲ್_ಆಪರೇಟರ್

ಕಲಿಸುವಾಗ ಕೈ ಹಿಂದೆ ಕಟ್ಟಿಕೊಂಡು ನಿಲ್ಲಿ ಸರ್. ತಮಾಷೆ ಅಲ್ಲ, ನಿಜವಾಗಿ ಕಟ್ಟಿಕೊಳ್ಳಿ. ಇಲ್ಲದಿದ್ದರೆ ನಿಮ್ಮ ಕೈ ತಾನಾಗಿಯೇ ಮುಂದೆ ಹೋಗುತ್ತದೆ.